ಕೋಲಾರದ ಬಿಸಿ ಎಲ್ಲಿಂದ ಬರ್ತಿದೆ? ನೆರಳಲ್ಲಿಟ್ಟ ಥರ್ಮಾಮೀಟರಿಗೆ ಗೊತ್ತಿಲ್ಲ

ಕಳೆದ ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಮಾಲೂರಿನ ಹೊರಗಿನ ಒಂದು ಇಟ್ಟಿಗೆ ಗೂಡಿನ ನೆತ್ತಿಯ ಮೇಲೆ ನಿಂತಿದ್ದೆ. ನಿಂತಿದ್ದೆ ಅನ್ನೋದು ಪೂರ್ತಿ ನಿಜ ಅಲ್ಲ. ಒಂದು ಕಾಲಿನ ಭಾರವನ್ನು ಇನ್ನೊಂದು ಕಾಲಿಗೆ ಬದಲಿಸುತ್ತಾ ಇದ್ದೆ. ಕೆಳಗೆ ಸಾಲು ಸಾಲು ಹಸಿ ಇಟ್ಟಿಗೆ ಬೇಯುತ್ತಿದ್ದವು, ಮೇಲೆ ಬೂದಿ ಮಣ್ಣಿನ ಹೊದಿಕೆ, ಅಲ್ಲಲ್ಲಿ ಕಲ್ಲಿದ್ದಲು ಸುರಿಯೋಕೆ ತೂತು. ಬೆಂಕಿ ನೋಡಿಕೊಳ್ಳುವ ಮನುಷ್ಯ ಕಬ್ಬಿಣದ ಮುಚ್ಚಳ ಸರಿಸಿ ಬಗ್ಗಿ ನೋಡಿ, ಒಂದು ಸಲಿಕೆ ಕಲ್ಲಿದ್ದಲು ಹಾಕಿ, ಮತ್ತೆ ಮುಚ್ಚುತ್ತಿದ್ದ.

ನಾನು ಮೊಬೈಲ್ ತೆಗೆದು ನೋಡ್ತಾ ಇದ್ದಿದ್ದು ಕಂಡು ಕೇಳಿದ, "ಎಷ್ಟಂತೆ ಸಾರ್ ಬಿಸ್ಲು?"

"ಮೂವತ್ತಾರು ಅಂತ ತೋರಿಸ್ತಿದೆ."

"ಅದು ಇಲ್ಲೀದಲ್ಲ ಬಿಡಿ ಸಾರ್."

ಈ ಲೇಖನ ಅವನ ಆ ಮಾತಿನ ಬಗ್ಗೆಯೇ. ಜಿಲ್ಲೆಗೆ ಜಿಲ್ಲೆಯೇ ಬೇಯುವ ದಿನಗಳಲ್ಲಿ ಸರ್ಕಾರ ಒಂದು ಅಂಕಿ ನೋಡಿ ನಿರ್ಧಾರ ಮಾಡುತ್ತೆ. ಅಂಕಿ ದಾಟಿದರೆ ಎಚ್ಚರಿಕೆ, ಇಲ್ಲದಿದ್ದರೆ ಏನೂ ಇಲ್ಲ. ಗೂಡಿನ ಮೇಲಿನವನ ಮೈಗೆ ಮೂರು ಕಡೆಯಿಂದ ಬಿಸಿ ಬರುತ್ತೆ: ಮೇಲಿಂದ ಸೂರ್ಯ, ಕೆಳಗಿಂದ ಗೂಡು, ಒಳಗಿಂದ ಅವನದೇ ದುಡಿಮೆ. ಯಾವುದರ ಪಾಲು ಎಷ್ಟು? ಇದು ಪಾಠದ ಪ್ರಶ್ನೆ ಅಲ್ಲ. ಸೂರ್ಯನ ಪಾಲೇ ದೊಡ್ಡದಾದರೆ ಅದು ಯಾರ ತಪ್ಪೂ ಅಲ್ಲ, ನೀರು ಮಜ್ಜಿಗೆ ಕೊಟ್ಟು ಕೈತೊಳೆದುಕೊಳ್ಳಬಹುದು. ಗೂಡಿನ ಪಾಲು ದೊಡ್ಡದಾದರೆ ಹೊದಿಕೆಯ ದಪ್ಪ, ಪಾಳಿಯ ಹೊತ್ತು, ಎಲ್ಲದಕ್ಕೂ ಮಾಲೀಕ ಉತ್ತರ ಹೇಳಬೇಕು. ದುಡಿಮೆಯ ಪಾಲು ದೊಡ್ಡದಾದರೆ, ಸಾವಿರ ಇಟ್ಟಿಗೆಗೆ ಇಷ್ಟು ಅಂತ ಕೂಲಿ ಕಟ್ಟುವ ಪದ್ಧತಿಯನ್ನೇ ಕೇಳಬೇಕಾಗುತ್ತೆ.

ಬಿಸಿ ಮುಟ್ಟಿದ ಜಾಗದಲ್ಲಿ ಅಳತೆ ಮಾಡಿ, ಅದು ಎಲ್ಲಿಂದ, ಎಷ್ಟು ಬಂತು ಅಂತ ಹಿಂದಕ್ಕೆ ಲೆಕ್ಕ ಹಾಕೋದಕ್ಕೆ ಎಂಜಿನಿಯರಿಂಗ್‌ನಲ್ಲಿ ಇನ್ವರ್ಸ್ ಹೀಟ್ ಕಂಡಕ್ಷನ್ ಅಂತಾರೆ. ವಿಲೋಮ ಲೆಕ್ಕ ಅಂತ ಇಟ್ಕೊಳ್ಳಿ. ಬೆಂಕಿ ಗೊತ್ತಿದ್ದರೆ ತವದ ಬಿಸಿ ಹೇಳೋದು ಸುಲಭ. ತವದ ಬಿಸಿ ನೋಡಿ ಒಳಗಿನ ಬೆಂಕಿ ಹೇಳೋದು ಕಷ್ಟ. ಮುಳಬಾಗಿಲಿನ ದೋಸೆ ಹೋಟೆಲಲ್ಲಿ ಕಾವಲಿ ಮೇಲೆ ನೀರು ಚಿಮುಕಿಸಿ, ಚುರ್ ಅನ್ನೋ ಸದ್ದು ಕೇಳಿ ಉರಿ ತಗ್ಗಿಸುವವರು ದಿನಾ ಮಾಡೋದು ಇದೇ ಲೆಕ್ಕ. ಅವರಿಗೆ ಕಾವಲಿಯ ದಪ್ಪ ಗೊತ್ತು, ಒಲೆ ಗೊತ್ತು, ಇಪ್ಪತ್ತು ವರ್ಷದ ಅಭ್ಯಾಸ ಇದೆ. ಅದಕ್ಕೇ ಉತ್ತರ ಸರಿ ಬರುತ್ತೆ.

ನನಗೆ ಬಂದಿರಲಿಲ್ಲ. ಮೆಕ್ಯಾನಿಕಲ್ ಓದುವಾಗ ಕೊನೇ ವರ್ಷದ ಪ್ರಾಜೆಕ್ಟು ಇದೇ ಆಗಿತ್ತು: ಒಂದು ಇಟ್ಟಿಗೆಯ ಹಿಂಭಾಗಕ್ಕೆ ಥರ್ಮೋಕಪಲ್ ಅಂಟಿಸಿ, ಮುಂಭಾಗಕ್ಕೆ ಎಷ್ಟು ಶಾಖ ಕೊಟ್ಟಿದ್ದೀವಿ ಅಂತ ಕಂಪ್ಯೂಟರಿಂದ ಹೇಳಿಸೋದು. ಶಾಖ ಕೊಟ್ಟವರು ನಾವೇ ಆದ್ದರಿಂದ ಉತ್ತರವೂ ಗೊತ್ತಿತ್ತು. ಕಂಪ್ಯೂಟರ್ ಕೊಟ್ಟ ಗ್ರಾಫ್‌ನಲ್ಲಿ ಒಂದು ಸೆಕೆಂಡು ಇಟ್ಟಿಗೆ ಮುಂದೆ ಕುಲುಮೆ, ಮುಂದಿನ ಸೆಕೆಂಡು ಫ್ರಿಡ್ಜು, ಮತ್ತೆ ಕುಲುಮೆ. ಗೈಡ್ ನಕ್ಕು, "ಸ್ಮೂತ್ ಮಾಡ್ರೀ" ಅಂದರು. ಮಾಡಿದೆವು. ಚೆಂದದ ಗೆರೆ ಬಂತು, ಮಾರ್ಕ್ಸೂ ಬಂತು. ಆ ಗೆರೆ ಇಟ್ಟಿಗೆಯಿಂದ ಬಂದದ್ದೋ ನಮ್ಮ ಆಸೆಯಿಂದ ಬಂದದ್ದೋ ಅಂತ ಇವತ್ತಿಗೂ ನನಗೆ ಅನುಮಾನ.

ಕುಲುಮೆ, ಫ್ರಿಡ್ಜು ಆಗೋದಕ್ಕೆ ಕಾರಣ ಇದೆ. ಶಾಖ ಹರಡುತ್ತಾ ಹೋಗೋ ವಸ್ತು, ಹರಡುವಾಗ ತನ್ನ ಗುರುತುಗಳನ್ನು ಅಳಿಸುತ್ತಾ ಹೋಗುತ್ತೆ. ಮಣ್ಣನ್ನೇ ತಗೊಳ್ಳಿ. ಹಗಲು ರಾತ್ರಿಯ ಏರಿಳಿತ ಸುಮಾರು 12 ಸೆಂಟಿಮೀಟರ್ ಕೆಳಗೆ ಹೋಗುವಷ್ಟರಲ್ಲಿ ಮೂರನೇ ಒಂದು ಭಾಗಕ್ಕೆ ಇಳಿಯುತ್ತೆ. ಅರ್ಧ ಮೀಟರ್ ಕೆಳಗೆ ಉಳಿಯೋದು ಎಪ್ಪತ್ತರಲ್ಲಿ ಒಂದು ಪಾಲು. ಅಲ್ಲಿ ಥರ್ಮಾಮೀಟರ್ ಹೂತಿಟ್ಟು ಮೇಲಿನ ಬಿಸಿ ಕಂಡುಹಿಡೀತೀನಿ ಅಂದರೆ, ಸಿಕ್ಕ ಅಂಕಿಯನ್ನು ಎಪ್ಪತ್ತರಿಂದ ಗುಣಿಸಬೇಕು. ಥರ್ಮಾಮೀಟರ್ 0.2 ಡಿಗ್ರಿ ತಪ್ಪಿದ್ದರೆ ಉತ್ತರದಲ್ಲಿ 14 ಡಿಗ್ರಿ ತಪ್ಪು. ಇಂಥ ಲೆಕ್ಕಗಳಿಗೆ ಗಣಿತದವರು ಇಲ್-ಪೋಸ್ಡ್ ಅಂತಾರೆ. ಫ್ರೆಂಚ್ ಗಣಿತಜ್ಞ ಹಡಮಾರ್ಡ್ ಇದನ್ನು 20ನೇ ಶತಮಾನದ ಆರಂಭದಲ್ಲೇ ಗುರುತಿಸಿದ್ದ. ರಷ್ಯಾದ ಟಿಖೊನೊವ್ 1963ರಲ್ಲಿ ಇದನ್ನು ಹದ್ದುಬಸ್ತಿಗೆ ತರುವ ದಾರಿ ತೋರಿಸಿದ: ಉತ್ತರ ಹೇಗಿರಬೇಕು ಅನ್ನೋದರ ಬಗ್ಗೆ ಮೊದಲೇ ಒಂದು ನಂಬಿಕೆ ಇಟ್ಟುಕೊಳ್ಳಿ, ಅದನ್ನು ಲೆಕ್ಕದೊಳಗೆ ಸೇರಿಸಿ. ನಮ್ಮ ಗೈಡ್ ಹೇಳಿದ ಸ್ಮೂತ್ ಮಾಡೋದು ಅಂದರೆ ಅದೇ. ನೌಕೆಗಳು ವಾತಾವರಣಕ್ಕೆ ಮರಳುವಾಗ ಹೊರಕವಚಕ್ಕೆ ತಗಲುವ ಶಾಖವನ್ನು ಒಳಗಿನ ಸೆನ್ಸರಿಂದ ತಿಳಿಯೋದೂ ಇಂಥ ಲೆಕ್ಕದಿಂದಲೇ.

ಮಾಲೂರಿಂದ ನೌಕೆಗೆ ಹೋಗೋ ಅಗತ್ಯ ಇಲ್ಲ. ಇದೇ ಜಿಲ್ಲೆಯಲ್ಲಿ ಕೆಜಿಎಫ್ ಇದೆ.

ಬಂಗಾರಕ್ಕಾಗಿ ಅಳೆದ ಬಿಸಿ

1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಾಗಿನಿಂದ 2001ರ ಫೆಬ್ರವರಿ 28ರಂದು ಬೀಗ ಬೀಳುವವರೆಗೆ ಕೋಲಾರ ಚಿನ್ನದ ಗಣಿ ಕೆಳಕ್ಕೆ ಇಳೀತಾನೇ ಇತ್ತು. ಚಾಂಪಿಯನ್ ರೀಫ್ 3.2 ಕಿಲೋಮೀಟರ್ ಮುಟ್ಟಿತು. ಆ ಆಳದಲ್ಲಿ ಬಂಡೆಯ ಬಿಸಿ 65 ಡಿಗ್ರಿ ದಾಟುತ್ತೆ. ಆದರೆ ಅಲ್ಲಿ ಯಾರೂ "ಕೆಳಗೆ ಬಿಸಿ ಜಾಸ್ತಿ" ಅಂತ ಹೇಳಿ ಸುಮ್ಮನಾಗಲಿಲ್ಲ. ಬಂಡೆಗೆ ತೂತು ಕೊರೆದು, ಒಳಗೆ ಥರ್ಮಾಮೀಟರ್ ಇಟ್ಟು, ಗಣಿಯ ಗಾಳಿ ತಗಲದ ಬಂಡೆಯ ಸ್ವಂತ ಬಿಸಿ ಎಷ್ಟು ಅಂತ ನೋಡಿದರು. ಯಾಕೆಂದರೆ ಸುರಂಗದ ಬಿಸಿಗೆ ಬಂಡೆ ಒಂದೇ ಮೂಲ ಅಲ್ಲ. ಮೇಲಿಂದ ಇಳಿಯುವ ಗಾಳಿ ಒತ್ತಡಕ್ಕೇ ಬಿಸಿಯಾಗುತ್ತೆ, ಒಣ ಗಾಳಿಗೆ ಕಿಲೋಮೀಟರಿಗೆ ಹತ್ತು ಡಿಗ್ರಿ ಹತ್ತಿರ. ಯಂತ್ರಗಳ ಬಿಸಿ ಬೇರೆ, ಸಿಡಿಮದ್ದಿನದು ಬೇರೆ, ಕೆಲಸಗಾರರ ಮೈಯದು ಬೇರೆ. ಗಾಳಿ ತಣ್ಣಗೆ ಮಾಡೋ ಯಂತ್ರಕ್ಕೆ ದುಡ್ಡು ಹಾಕೋ ಮೊದಲು ಯಾವುದರಿಂದ ಎಷ್ಟು ಬರ್ತಿದೆ ಅಂತ ಗೊತ್ತಿರಬೇಕು. ತಣ್ಣಗೆ ಮಾಡದಿದ್ದರೆ ಬಂಗಾರ ಮೇಲೆ ಬರಲ್ಲ.

ಗಣಿಯನ್ನು ನಾನು ಹೊಗಳ್ತಾ ಇಲ್ಲ. ಬಂಡೆ ಸಿಡಿತಕ್ಕೆ, ಕಲ್ಲುಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆಗೆ ಆ ಊರು ಕೊಟ್ಟ ಜೀವಗಳಿಗೆ ಲೆಕ್ಕ ಬೇರೆಯೇ ಇದೆ. ನಾನು ಹೇಳ್ತಿರೋದು ಇಷ್ಟೇ: ಅಳೆಯೋ ಮನಸ್ಸಿದ್ದಾಗ ಅಳೆಯೋಕೆ ಆಗಿತ್ತು, ಅದೂ ಕೆಲಸ ನಡೆಯೋ ಜಾಗದಲ್ಲೇ. ಆಮೇಲೆ ಕಾನೂನಿಗೂ ಒಂದು ಅಂಕಿ ಬಂತು. ಲೋಹದ ಗಣಿಗಳ 1961ರ ನಿಯಮಾವಳಿ ಪ್ರಕಾರ ನೆಲದಡಿ ಕೆಲಸ ಮಾಡೋ ಜಾಗದಲ್ಲಿ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್, ಅಂದರೆ ವೆಟ್ ಬಲ್ಬ್, 33.5 ಡಿಗ್ರಿ ದಾಟಬಾರದು. 30.5 ದಾಟಿದರೆ ಸೆಕೆಂಡಿಗೆ ಕನಿಷ್ಠ ಒಂದು ಮೀಟರ್ ವೇಗದಲ್ಲಿ ಗಾಳಿ ಬೀಸಬೇಕು. ಅಂಕಿ ಯಾವುದು ಅನ್ನೋದಕ್ಕಿಂತ ನನಗೆ ಮುಖ್ಯ ಕಂಡದ್ದು "ಕೆಲಸ ಮಾಡೋ ಜಾಗದಲ್ಲಿ" ಅನ್ನೋದು.

ಆ ತೂತುಗಳಿಂದ ಬಂದ ಇನ್ನೊಂದು ವಿಷಯ ಇದೆ, ಸ್ವಲ್ಪ ದಾರಿ ತಪ್ಪಿದರೂ ಹೇಳಲೇಬೇಕು. 1960ರ ದಶಕದಲ್ಲಿ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರು ಕೆಜಿಎಫ್‌ನಲ್ಲಿ ಭೂಮಿಯೊಳಗಿಂದ ಬರುವ ಶಾಖವನ್ನು ಅಳೆದರು. ಕೋಲಾರದಲ್ಲಿ ಆಳಕ್ಕೆ ಹೋದಂತೆ ಬಿಸಿ ಏರೋದು ಬಹಳ ನಿಧಾನ, ಕಿಲೋಮೀಟರಿಗೆ ಸುಮಾರು 13 ಡಿಗ್ರಿ. ಎಷ್ಟೋ ಕಡೆ ಇದು 25ರಿಂದ 30. ಅಷ್ಟು ಆಳ ಇಳಿಯೋಕೆ ಸಾಧ್ಯವಾಗಿದ್ದಕ್ಕೆ ಇದೂ ಒಂದು ಕಾರಣ.

ಈಗ ಲಾರ್ಡ್ ಕೆಲ್ವಿನ್ ವಿಷಯಕ್ಕೆ ಬನ್ನಿ. 1862ರಲ್ಲಿ ಆತ ಇದೇ ಏರಿಕೆಯನ್ನು ಹಿಡಿದು ಭೂಮಿಯ ವಯಸ್ಸು ಲೆಕ್ಕ ಹಾಕಿದ. ಬೆಂಕಿ ಉಂಡೆ ತಣ್ಣಗಾಗ್ತಾ ಬಂದಿದೆ, ಮೇಲ್ಪದರದಲ್ಲಿ ಕಿಲೋಮೀಟರಿಗೆ ಸುಮಾರು 36 ಡಿಗ್ರಿ ಏರ್ತಿದೆ, ಹಾಗಾದರೆ ಎಷ್ಟು ವರ್ಷ ಆಗಿರಬೇಕು? ಉತ್ತರ 9.8 ಕೋಟಿ ವರ್ಷ, ಆಚೆ ಈಚೆ ಅಂದರೆ 2 ಕೋಟಿಯಿಂದ 40 ಕೋಟಿ. ಅದೇ ಸೂತ್ರಕ್ಕೆ ಕೆಜಿಎಫ್‌ನ 13 ಹಾಕಿ ನೋಡಿದೆ, 75 ಕೋಟಿ ದಾಟಿತು. ಒಂದೇ ಭೂಮಿ, ಒಂದೇ ಸೂತ್ರ. ಥರ್ಮಾಮೀಟರ್ ಕೋಲಾರಕ್ಕೆ ತಂದಿದ್ದಕ್ಕೆ ವಯಸ್ಸು ಎಂಟು ಪಟ್ಟು ಹತ್ತಿರ ಬೆಳೀತು. ನಿಜವಾದ ವಯಸ್ಸು 454 ಕೋಟಿ ವರ್ಷ. ಕೋಲಾರದ ಚಿನ್ನದ ಬಂಡೆಗಳಿಗೇ ಸುಮಾರು 270 ಕೋಟಿ ವರ್ಷ ಆಗಿದೆ. ಕೆಲ್ವಿನ್ ಗಣಿತದಲ್ಲಿ ತಪ್ಪಲಿಲ್ಲ. ಒಳಗೆ ಬೇರೆ ಶಾಖದ ಮೂಲ ಇಲ್ಲ, ಒಳಗೆ ಏನೂ ಅಲುಗಾಡ್ತಾ ಇಲ್ಲ ಅಂತ ಮೊದಲೇ ನಂಬಿಬಿಟ್ಟಿದ್ದ. ಒಳಗಿನ ಚಲನೆಯ ಮಾತನ್ನು 1895ರಲ್ಲಿ ಅವನದೇ ಹಳೇ ಸಹಾಯಕ ಜಾನ್ ಪೆರ್ರಿ ಎತ್ತಿದ. ವಿಕಿರಣದಿಂದ ಶಾಖ ಹುಟ್ಟುತ್ತೆ ಅನ್ನೋದು ಆಮೇಲೆ ಗೊತ್ತಾಯಿತು.

ಲೆಕ್ಕಕ್ಕೆ ಮುಂಚಿನ ನಂಬಿಕೆ ಉತ್ತರವನ್ನು ಹೀಗೆ ತಿರುಗಿಸಿಬಿಡುತ್ತೆ. ನಮ್ಮ ಬಿಸಿಗಾಳಿಯ ನಿಯಮದಲ್ಲೂ ಅಂಥದ್ದೊಂದು ನಂಬಿಕೆ ಕೂತಿದೆ.

ನಲವತ್ತರ ಗೆರೆ

ಭಾರತೀಯ ಹವಾಮಾನ ಇಲಾಖೆಯ ಪ್ರಕಾರ ಬಯಲು ಸೀಮೆಯಲ್ಲಿ ಗರಿಷ್ಠ ಉಷ್ಣಾಂಶ ಕನಿಷ್ಠ 40 ಮುಟ್ಟಿದ ಮೇಲೇ ಬಿಸಿಗಾಳಿಯ ಪ್ರಶ್ನೆ ಏಳೋದು. ಅದರ ಮೇಲೆ ವಾಡಿಕೆಗಿಂತ 4.5 ಡಿಗ್ರಿ ಜಾಸ್ತಿ ಇರಬೇಕು, ಒಂದು ಹವಾಮಾನ ಉಪವಿಭಾಗದ ಎರಡಾದರೂ ಕೇಂದ್ರಗಳಲ್ಲಿ ಸತತ ಎರಡು ದಿನ ಇರಬೇಕು. ಕೋಲಾರ ಸಮುದ್ರಮಟ್ಟದಿಂದ 800 ಮೀಟರಿಗಿಂತ ಎತ್ತರದಲ್ಲಿದೆ. ಇಲ್ಲಿ ಬೇಸಿಗೆಯ ವಾಡಿಕೆಯೇ 35ರ ಆಸುಪಾಸು. ವಾಡಿಕೆಗಿಂತ ನಾಲ್ಕು ಡಿಗ್ರಿ ಏರಿ ಜನ ತತ್ತರಿಸಿದರೂ ಗೆರೆಯ ಈಚೆಗೇ ಇರ್ತಾರೆ. ಪಕ್ಕದ ಬೆಂಗಳೂರಲ್ಲಿ 2024ರ ಏಪ್ರಿಲ್ 28ರಂದು 38.5 ಡಿಗ್ರಿ ಆದಾಗ ಊರೆಲ್ಲ ಅದೇ ಮಾತು. ಆದರೆ ಆ ಅಂಕಿಯೂ ಗೆರೆಯನ್ನು ಮುಟ್ಟಿರಲಿಲ್ಲ.

ಗೆರೆ ಮೇಲಿದೆ ಅನ್ನೋದು ಅರ್ಧ ದೂರು. ಇನ್ನರ್ಧ ದೂರು ಥರ್ಮಾಮೀಟರ್ ಇಟ್ಟಿರೋ ಜಾಗದ ಬಗ್ಗೆ. ಹವಾಮಾನ ಕೇಂದ್ರದ ಥರ್ಮಾಮೀಟರ್ ಬಿಳಿ ಬಣ್ಣದ, ಗಾಳಿ ಆಡುವ ಪಟ್ಟಿಗಳಿರೋ ಪೆಟ್ಟಿಗೆಯಲ್ಲಿ, ನೆಲದಿಂದ ನಾಲ್ಕೈದು ಅಡಿ ಎತ್ತರದಲ್ಲಿ, ಬಯಲಲ್ಲಿ ಇರುತ್ತೆ. ಬಿಸಿಲು ತಾಗಬಾರದು, ಗೋಡೆಯ ಬಿಸಿ ತಾಗಬಾರದು, ನೆಲದ್ದೂ ತಾಗಬಾರದು. ಮೋಡ ಮಳೆಯ ಮುನ್ಸೂಚನೆಗೆ ಅದೇ ಸರಿ, ಅದರಲ್ಲಿ ತಕರಾರಿಲ್ಲ. ಆದರೆ ಹತ್ತಿರದ ಶಾಖದ ಮೂಲಗಳನ್ನೆಲ್ಲ ಬೇಕಂತಲೇ ಹೊರಗಿಟ್ಟು ತಂದ ಅಂಕಿಯಿಂದ, ಹತ್ತಿರದ ಮೂಲಗಳಿಂದಲೇ ಬೇಯುವವನ ಬಗ್ಗೆ ತೀರ್ಪು ಕೊಡ್ತಾ ಇದ್ದೀವಿ. ಇತ್ತೀಚೆಗೆ ಇಲಾಖೆ ಹೀಟ್ ಇಂಡೆಕ್ಸ್ ಅಂತ ತೇವಾಂಶವನ್ನೂ ಸೇರಿಸಿ ಪ್ರಾಯೋಗಿಕವಾಗಿ ಹೇಳುತ್ತಿದೆ. ಒಳ್ಳೆಯದೇ, ಆದರೆ ಅದೂ ಅದೇ ಪೆಟ್ಟಿಗೆಯ ಗಾಳಿ.

ರಾತ್ರಿಯ ಕತೆ ಇನ್ನೂ ವಿಚಿತ್ರ. ಮುಳಬಾಗಿಲು ಕಡೆ ಹಳೇ ಮನೆಗಳಿಗೆ ಕಲ್ಲು ಚಪ್ಪಡಿಯ ಸೂರು. ನಾಲ್ಕು ಅಂಗುಲದ ಚಪ್ಪಡಿಯ ಮೇಲೆ ಮಧ್ಯಾಹ್ನ ಬಿದ್ದ ಬಿಸಿ ಅಡಿಭಾಗಕ್ಕೆ ಇಳಿಯೋಕೆ ಎರಡು ಗಂಟೆಯಾದರೂ ಬೇಕು, ಕಲ್ಲು ಅದನ್ನು ಬಿಟ್ಟುಕೊಡೋಕೆ ರಾತ್ರಿಯೆಲ್ಲ ಬೇಕು. ಅಲ್ಲಿನ ನೆಂಟರ ಮನೆಯಲ್ಲಿ ರಾತ್ರಿ ಒಂಬತ್ತಕ್ಕೆ ಸ್ಟೂಲ್ ಹತ್ತಿ ಚಪ್ಪಡಿ ಮುಟ್ಟಿದಾಗ, ಹನ್ನೊಂದು ಗಂಟೆ ಬೆಳಿಗ್ಗೆ ಮುಟ್ಟಿದ್ದಕ್ಕಿಂತ ಬಿಸಿ ಇತ್ತು. "ಹೊರಗೆ ಜಗುಲೀಲಿ ಮಲಕ್ಕೊಳಪ್ಪ, ಒಳಗೆ ಆಗಲ್ಲ" ಅಂದರು ಅತ್ತೆ. ಇಲಾಖೆಯಲ್ಲಿ ಬಿಸಿ ರಾತ್ರಿ ಅನ್ನೋ ವರ್ಗವೂ ಇದೆ. ಆದರೆ ಹಗಲಿನ ಗರಿಷ್ಠ 40 ಇದ್ದರೆ ಮಾತ್ರ ಅದನ್ನು ಪರಿಗಣಿಸ್ತಾರೆ. ಹೊರಗೆ 37 ಆಗಿ, ಸೂರಿನ ಕಲ್ಲು ಇಡೀ ರಾತ್ರಿ ಕಾವು ಕಾರಿ, ಬೆಳಿಗ್ಗೆ ಎದ್ದವನು ನಿದ್ದೆಗೆಟ್ಟ ಮೈಯಲ್ಲಿ ಕೆಲಸಕ್ಕೆ ಹೋದರೆ, ಅದು ಯಾವ ವರ್ಗಕ್ಕೂ ಸೇರಲ್ಲ. ಕಲ್ಲಿನ ಜಾಗದಲ್ಲಿ ಶೀಟ್ ಬಂದ ಮನೆಗಳಲ್ಲಿ ತಡ ಅನ್ನೋದೇ ಇಲ್ಲ, ಹಗಲಿನ ಬಿಸಿ ಹಗಲೇ ತಲೆ ಮೇಲೆ ಸುರಿಯುತ್ತೆ.

ಮೂಲ ತಪ್ಪಾಗಿ ಹಿಡಿದರೆ ಮದ್ದೂ ತಪ್ಪುತ್ತೆ ಅನ್ನೋದಕ್ಕೆ ಶ್ರೀನಿವಾಸಪುರದ ರೈತರ ಹತ್ತಿರ ಒಂದು ಉದಾಹರಣೆ ಇದೆ. ನಮ್ಮ ಕಡೆ ಬಾದಾಮಿ ಅನ್ನೋ ಆಪೂಸ್ ಮಾವಿಗೆ ಒಂದು ಕಾಯಿಲೆ: ಹೊರಗೆ ನೋಡೋಕೆ ಲಕ್ಷಣ, ಕೊಯ್ದರೆ ಓಟೆಯ ಸುತ್ತ ಹುಳಿ ಹುಳಿಯಾದ ಸ್ಪಂಜು. ಕಾದ ನೆಲದಿಂದ ಏಳುವ ಕಾವು ಕಾಯಿಯೊಳಗೆ ಸೇರೋದೇ ಕಾರಣ ಅಂತ ಒಂದು ವಾದ. ಅದು ನಿಜವಾದರೆ ಮರದ ಬುಡಕ್ಕೆ ಒಣ ಎಲೆ, ಹುಲ್ಲು ಹೊದಿಸಬೇಕು. ಬೆಂಗಳೂರು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಬೇರೆ ಕಡೆ ಬೆರಳು ತೋರಿಸಿದರು: ಕಾಯಿ ಇನ್ನೂ ಮರದಲ್ಲಿರುವಾಗಲೇ ಒಳಗಿನ ಬೀಜ ಮೊಳೆಯೋಕೆ ಹೊರಟು ಸುತ್ತಲಿನ ತಿರುಳನ್ನು ಎಳೆದುಕೊಳ್ಳುತ್ತೆ. ಹಾಗಾದರೆ ಮದ್ದು ಬೀಜಕ್ಕೆ. ಹಾಳಾದ ಹಣ್ಣು ಎರಡೂ ವಾದಕ್ಕೂ ಒಂದೇ ಥರ ಕಾಣುತ್ತೆ. ಹಣ್ಣಿನ ಸಿಪ್ಪೆ ಮುಟ್ಟಿ ನೋಡಿದರೆ ತೀರ್ಮಾನ ಸಿಗಲ್ಲ. ಮಂಡಿಯವರು ಇದಕ್ಕಿಂತ ಜಾಣರು, ಹುಲ್ಲಿನಲ್ಲಿ ಹಾಕಿದ ರಾಶಿಯ ನಡುವಿಗೆ ಕೈ ತೂರಿಸಿ ನೋಡ್ತಾರೆ. ಹಣ್ಣಾಗುವ ಕಾಯಿ ತಾನೇ ಬಿಸಿ ಹುಟ್ಟಿಸುತ್ತೆ ಅನ್ನೋದು ಅವರ ಕೈಗೆ ಗೊತ್ತು.

ಈಗ ಎಲ್ಲರೂ ಉಪಗ್ರಹದ ಬಣ್ಣದ ನಕ್ಷೆ ತೋರಿಸ್ತಾರೆ, ಕೆಂಪಿದ್ದಲ್ಲಿ ಬಿಸಿ ಅಂತ. ಲ್ಯಾಂಡ್‌ಸ್ಯಾಟ್ ಶಾಖವನ್ನು ನೋಡೋದು 100 ಮೀಟರ್ ಚೌಕದ ಲೆಕ್ಕದಲ್ಲಿ, ಅದೂ ಬೆಳಿಗ್ಗೆ ಹತ್ತೂವರೆ ಸುಮಾರಿಗೆ. ಮಾಲೂರಿನ ಗೂಡು, ಅದರ ಪಕ್ಕದ ಹೊಲ, ನೀಲಗಿರಿ ತೋಪು ಎಲ್ಲ ಸೇರಿ ಒಂದು ಸರಾಸರಿ. ಮುಳಬಾಗಿಲಿನ ಚಪ್ಪಡಿ ಆ ಹೊತ್ತಿಗೆ ಇನ್ನೂ ಕಾದೇ ಇರಲ್ಲ. ಜಿಲ್ಲೆಗೊಂದು ಅಂಕಿ ಅನ್ನೋದೂ ಇದೇ ಜಾತಿಯದು. ಕಾಲೇಜಿನಲ್ಲಿ ನಾವು ಗ್ರಾಫ್ ಸ್ಮೂತ್ ಮಾಡಿದಾಗ ಕುಲುಮೆ ಫ್ರಿಡ್ಜು ಎರಡೂ ಮಾಯವಾಗಿದ್ದವು. ಇಲ್ಲಿ ಮಾಯವಾಗ್ತಾ ಇರೋದು ನಿಜವಾಗಿ ಇರೋ ಗೂಡು.

ಏನು ಮಾಡಬಹುದು? ದೊಡ್ಡ ವಿಜ್ಞಾನ ಬೇಕಿಲ್ಲ. ಒಂದೇ ಅಂಕಿಯಿಂದ ಮೂಲ ಗೊತ್ತಾಗಲ್ಲ, ಎರಡು ಮೂರು ಅಂಕಿಗಳಿಂದ ಗೊತ್ತಾಗುತ್ತೆ, ಸರಿಯಾದ ಜಾಗದಲ್ಲಿ ಇಟ್ಟರೆ. ಚಪ್ಪಡಿಯ ಮೇಲೊಂದು ಕೆಳಗೊಂದು ಥರ್ಮಾಮೀಟರ್ ಇಡಿ. ನಾಲ್ಕು ಅಂಗುಲದ ಗ್ರಾನೈಟ್‌ನಲ್ಲಿ ಪ್ರತಿ ಒಂದು ಡಿಗ್ರಿ ವ್ಯತ್ಯಾಸಕ್ಕೆ ಚದರ ಮೀಟರಿಗೆ 30 ವಾಟ್‌ನಷ್ಟು ಶಾಖ ಇಳೀತಿದೆ ಅಂತ ಅಂದಾಜು ಸಿಗುತ್ತೆ. ಸೂರಿಗೆ ಸುಣ್ಣ ಬಳಿದ ಮನೆಯಲ್ಲೂ ಬಳಿಯದ ಮನೆಯಲ್ಲೂ ಇದನ್ನು ನೋಡಿದರೆ, ಸುಣ್ಣ ಎಷ್ಟು ಕೆಲಸ ಮಾಡ್ತು ಅಂತ ಒಂದು ವಾರದಲ್ಲಿ ಗೊತ್ತಾಗುತ್ತೆ. ಗೂಡಿನ ನೆತ್ತಿಯಲ್ಲಿ ಕಾಲ ಮಟ್ಟದಲ್ಲಿ ಒಂದು, ಎದೆ ಮಟ್ಟದಲ್ಲಿ ಒಂದು, ನೂರು ಅಡಿ ಆಚೆ ಬಯಲಲ್ಲಿ ಒಂದು, ಜೊತೆಗೆ ಒದ್ದೆ ಬಟ್ಟೆಯದ್ದೂ ಕಪ್ಪು ಗುಂಡಿನದ್ದೂ ಇದ್ದರೆ ಸೂರ್ಯನ ಪಾಲು, ಗೂಡಿನ ಪಾಲು ಬೇರೆ ಮಾಡಬಹುದು. ಮಧ್ಯಾಹ್ನ ಮೂರಕ್ಕೂ ರಾತ್ರಿ ಹತ್ತಕ್ಕೂ ಅಳೆಯಬೇಕು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಈಗಾಗಲೇ ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರಗಳನ್ನು ಇಟ್ಟುಕೊಂಡಿದೆ. ಅದರ ಜೊತೆಗೆ ಕೆಲಸದ ಜಾಗದ ಅಂಕಿ ಸೇರಿಸಬಹುದು.

ಇದನ್ನು ಮಾಡದಿರೋದಕ್ಕೆ ತಂತ್ರಜ್ಞಾನ ಕಾರಣ ಅಂತ ನನಗೆ ಅನ್ನಿಸಲ್ಲ. ಅಳೆದರೆ ಮೂಲ ಗೊತ್ತಾಗುತ್ತೆ, ಮೂಲ ಗೊತ್ತಾದರೆ ಹೊಣೆ ಬರುತ್ತೆ. 1948ರ ಕಾರ್ಖಾನೆ ಕಾಯ್ದೆಯ 13ನೇ ಸೆಕ್ಷನ್ ಬಿಸಿಯ ಬಗ್ಗೆ ಮಾತಾಡಿದ್ದು ಕೆಲಸದ ಕೋಣೆಯ ಲೆಕ್ಕದಲ್ಲಿ, ಗೋಡೆ ಸೂರು ಹೇಗಿರಬೇಕು ಅಂತ. ಗೂಡಿನ ನೆತ್ತಿಗೆ ಗೋಡೆಯೂ ಇಲ್ಲ, ಸೂರೂ ಇಲ್ಲ. ಕೆಜಿಎಫ್‌ನ ನೆಲದಡಿಯಲ್ಲಿ ಇದ್ದವನಿಗೆ ವೆಟ್ ಬಲ್ಬ್‌ನ ಒಂದು ಅಂಕಿ ಇತ್ತು. ನಲವತ್ತು ಕಿಲೋಮೀಟರ್ ಆಚೆ ನೆಲದ ಮೇಲೆ ಇರೋನಿಗೆ ಜಿಲ್ಲೆಯ ಸರಾಸರಿ ಇದೆ.

ಮಾಲೂರಿನಿಂದ ಹೊರಡುವ ಮೊದಲು ಆ ಬೆಂಕಿ ನೋಡಿಕೊಳ್ಳುವವನನ್ನು ಕೇಳಿದೆ, ಇಲ್ಲಿ ಯಾವತ್ತಾದರೂ ಯಾರಾದರೂ ಥರ್ಮಾಮೀಟರ್ ತಂದು ಇಟ್ಟಿದ್ದು ಉಂಟಾ ಅಂತ. ಮುಚ್ಚಳ ಸರಿಸಿ ಒಳಗಿನ ಬಣ್ಣ ನೋಡ್ತಾನೇ ಹೇಳಿದ.

"ಬಂದಿದ್ರು ಸಾರ್, ಹೋದ್ ವರ್ಷ. ಉದ್ದ ಕಡ್ಡಿ ತಂದು ಈ ತೂತೊಳಗೆ ಬಿಟ್ರು. ಇಟ್ಟಿಗೆ ಸರಿಯಾಗಿ ಬೇಯ್ತೈತಾ ಅಂತ ನೋಡೋಕೆ."